ಅಂಪೈರ್ ಸೋಲಿಸಿದರೇ, ತಂಡವೇ ಸೋತಿತೇ? ಫೂಟಿ ಜಗಳಗಳನ್ನು ತೂಗಿ ನೋಡುವ ಬಗೆ

ಪ್ರಶ್ನೆ: ನಾವು ಮೆಲ್ಬರ್ನ್‌ಗೆ ಬಂದು ಕೆಲವು ವರ್ಷಗಳಾದವು. ನಾನು ಕ್ರಿಕೆಟ್ ನೋಡಿಕೊಂಡು ಬೆಳೆದವನು, ಮಗಳಿಗೆ ಮಾತ್ರ ಫೂಟಿಯ, ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನ ಹುಚ್ಚು, ಕಾಲಿಂಗ್‌ವುಡ್ ತಂಡದ ಅಭಿಮಾನಿ. ಎಂಸಿಜಿಗೆ ಹೋದರೆ ಸುತ್ತ ಕೂತವರು ಮಾತೆತ್ತಿದರೆ ‘ಬಾಲ್!’ ಎಂದು ಅರಚುತ್ತಾರೆ. ಅಂಪೈರ್ ಒಂದಕ್ಕೆ ಫ್ರೀ ಕಿಕ್ ಕೊಡುತ್ತಾರೆ, ಹಾಗೆಯೇ ಕಾಣುವ ಇನ್ನೊಂದಕ್ಕೆ ಸುಮ್ಮನಿರುತ್ತಾರೆ. ಎದುರಾಳಿಯ ಪ್ರಜ್ಞೆ ತಪ್ಪಿಸಿದ ಆಟಗಾರನೊಬ್ಬ ಖುಲಾಸೆಯಾಗುತ್ತಾನೆ, ಮತ್ತೊಬ್ಬನಿಗೆ ನಾಲ್ಕು ಪಂದ್ಯ ನಿಷೇಧ. ಸೋಮವಾರ ಆಫೀಸಿನಲ್ಲಿ ಸೋತ ತಂಡದವರೆಲ್ಲ ಅಂಪೈರ್‌ಗಳನ್ನೇ ಬೈಯುತ್ತಾರೆ. ಇದರಲ್ಲಿ ನ್ಯಾಯವಾದ ದೂರು ಯಾವುದು, ಬರೀ ಹೊಟ್ಟೆಯುರಿ ಯಾವುದು ಎಂದು ತಿಳಿಯುವುದು ಹೇಗೆ?

ಉತ್ತರ: ನಿಮ್ಮ ಆಫೀಸಿನವರು ಮೂರು ಬೇರೆ ಬೇರೆ ತಕರಾರುಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದಾರೆ. ಮೊದಲು ಅವನ್ನು ಬಿಡಿಸಿಕೊಳ್ಳಿ. ಫ್ರೀ ಕಿಕ್ ಕೊಡುವವರು ಮೈದಾನದಲ್ಲಿ ಓಡುತ್ತಿರುವ ಅಂಪೈರ್, ಕಣ್ಣೆದುರು ಅರೆಕ್ಷಣ ಕಂಡದ್ದರ ಮೇಲೆ. ನಿಷೇಧ ಹೇರುವವರು ಮ್ಯಾಚ್ ರಿವ್ಯೂ ಆಫೀಸರ್ ಮತ್ತು ಟ್ರಿಬ್ಯುನಲ್, ವಿಡಿಯೊ ಹಾಗೂ ವೈದ್ಯಕೀಯ ವರದಿ ಮುಂದಿಟ್ಟುಕೊಂಡು. ಗೆಲುವು ಸೋಲು ತೀರ್ಮಾನವಾಗುವುದು ಎರಡು ಗಂಟೆ ನಡೆಯುವ ಆಟದಲ್ಲಿ, ನೂರಾರು ಸಣ್ಣ ಸಂಗತಿಗಳು ಸೇರಿ. ಒಂದರ ಅಳತೆಗೋಲಿನಲ್ಲಿ ಇನ್ನೊಂದನ್ನು ಅಳೆದಾಗಲೇ ಜಗಳ ಬಗೆಹರಿಯದೆ ಉಳಿಯುವುದು.

‘ಬಾಲ್!’ ಎಂಬ ಕೂಗಿನಿಂದಲೇ ಶುರು ಮಾಡೋಣ, ಏಕೆಂದರೆ ಈ ಆಟದಲ್ಲಿ ಅಂಪೈರ್ ಮೇಲಿನ ಸಿಟ್ಟು ಹೆಚ್ಚಾಗಿ ಹುಟ್ಟುವುದೇ ಅಲ್ಲಿ. ನಿಯಮದ ಹೆಸರು ಹೋಲ್ಡಿಂಗ್ ದ ಬಾಲ್. ಚೆಂಡು ಹಿಡಿದವನನ್ನು ಎದುರಾಳಿ ಸರಿಯಾಗಿ ಟ್ಯಾಕಲ್ ಮಾಡಿದಾಗ, ಅಂದರೆ ಕೈಗಳಿಂದ ಹಿಡಿದು ನಿಲ್ಲಿಸಿದಾಗ, ಚೆಂಡನ್ನು ನಿಯಮಬದ್ಧವಾಗಿ ಬಿಟ್ಟುಕೊಡದಿದ್ದರೆ ಟ್ಯಾಕಲ್ ಮಾಡಿದವನಿಗೆ ಫ್ರೀ ಕಿಕ್. ಪ್ರೇಕ್ಷಕರು ನೋಡುವುದು ಇಷ್ಟನ್ನೇ: ಟ್ಯಾಕಲ್ ಆಯಿತು, ಚೆಂಡು ಹೊರಬರಲಿಲ್ಲ. ಅಂಪೈರ್ ನೋಡಬೇಕಾದ್ದು ಅದಕ್ಕಿಂತ ಒಂದು ಹೆಜ್ಜೆ ಹಿಂದಿನದನ್ನು. ಟ್ಯಾಕಲ್ ಬೀಳುವ ಮುಂಚೆ ಆಟಗಾರನಿಗೆ ಚೆಂಡನ್ನು ಆಡಲು ಅವಕಾಶವಿತ್ತೇ? ಇದಕ್ಕೆ ಪ್ರಯರ್ ಆಪರ್ಚುನಿಟಿ ಎನ್ನುತ್ತಾರೆ. ತೀರ್ಪು ಪೂರ್ತಿ ನಿಂತಿರುವುದು ಇದರ ಮೇಲೆ.

ಅವಕಾಶ ಸಿಕ್ಕಿತ್ತು ಎನ್ನುವುದು ಯಾವಾಗ? ಚೆಂಡು ಹಿಡಿದು ಸಮತೋಲನದಲ್ಲಿ ನಿಂತಿದ್ದರೆ, ಮೈ ಹೊರಳಿಸಿ ಟ್ಯಾಕಲ್‌ನಿಂದ ತಪ್ಪಿಸಿಕೊಳ್ಳಲು ನೋಡಿದ್ದರೆ, ಕೈಯಿಂದ ಎದುರಾಳಿಯನ್ನು ತಳ್ಳಿದ್ದರೆ, ಚೆಂಡು ಪುಟಿಸಿಕೊಂಡು ಓಡಿದ್ದರೆ ಅವಕಾಶ ಸಿಕ್ಕಂತೆಯೇ. ಅಂಥವನು ಟ್ಯಾಕಲ್ ಬಿದ್ದ ತಕ್ಷಣ ಚೆಂಡನ್ನು ಒದೆಯಬೇಕು, ಇಲ್ಲವೇ ಹ್ಯಾಂಡ್‌ಬಾಲ್ ಮಾಡಬೇಕು. ಹ್ಯಾಂಡ್‌ಬಾಲ್ ಎಂದರೆ ಒಂದು ಕೈಯಲ್ಲಿ ಚೆಂಡು ಹಿಡಿದು ಇನ್ನೊಂದು ಕೈಯ ಮುಷ್ಟಿಯಿಂದ ಹೊಡೆಯುವುದು; ಎಸೆದರೆ ಅದೇ ಒಂದು ತಪ್ಪು. ಚೆಂಡು ಕೈಜಾರಿ ಕೆಳಗೆ ಬಿದ್ದರೂ ಈತನ ವಿರುದ್ಧವೇ ತೀರ್ಪು. ಮುಂಚೆ ಅವಕಾಶ ಸಿಗದವನ ಲೆಕ್ಕ ಬೇರೆ. ಚೆಂಡು ಕೈಗೆ ಬಂದ ಗಳಿಗೆಯಲ್ಲೇ ಟ್ಯಾಕಲ್ ಬಿದ್ದಿದ್ದರೆ ಅವನು ಪ್ರಾಮಾಣಿಕವಾಗಿ ಚೆಂಡು ಬಿಡಲು ಪ್ರಯತ್ನಿಸಿದರೆ ಸಾಕು. ಟ್ಯಾಕಲ್‌ನ ರಭಸಕ್ಕೆ ಚೆಂಡು ಸಿಡಿದುಹೋದರೆ ಆಟ ಮುಂದುವರಿಯುತ್ತದೆ, ಚೆಂಡು ಇಬ್ಬರ ನಡುವೆ ಸಿಕ್ಕಿಕೊಂಡರೆ ಅಂಪೈರ್ ಅದನ್ನು ಮತ್ತೆ ಮೇಲಕ್ಕೆಸೆದು ಆಟ ಶುರು ಮಾಡುತ್ತಾರೆ. ನೆಲದಲ್ಲಿದ್ದ ಚೆಂಡಿನ ಮೇಲೆ ತಾನೇ ಬಿದ್ದು ಅದನ್ನು ಹೊಟ್ಟೆಯಡಿ ಎಳೆದುಕೊಂಡವನಿಗೆ ಮಾತ್ರ ಈ ರಿಯಾಯಿತಿ ಇಲ್ಲ.

ಈಗ ನಿಮಗೆ ‘ಹಾಗೆಯೇ’ ಕಂಡ ಎರಡು ಟ್ಯಾಕಲ್‌ಗಳನ್ನು ನೆನಪಿಸಿಕೊಳ್ಳಿ. ಎರಡರಲ್ಲೂ ಕೊನೆಯ ದೃಶ್ಯ ಒಂದೇ, ಹುಲ್ಲಿನ ಮೇಲೆ ಇಬ್ಬರು, ನಡುವೆ ಚೆಂಡು. ಮೊದಲಿನವನು ಎರಡು ಹೆಜ್ಜೆ ಓಡಿ ಒಬ್ಬನನ್ನು ತಪ್ಪಿಸಿ ಸಿಕ್ಕಿಬಿದ್ದಿರಬಹುದು, ಎರಡನೆಯವನು ಬಗ್ಗಿ ಚೆಂಡು ಎತ್ತುತ್ತಿದ್ದಾಗಲೇ ಸಿಕ್ಕಿರಬಹುದು. ಹಾಗಾಗಿ ತೀರ್ಪು ಎರಡು. ಎಲ್‌ಬಿಡಬ್ಲ್ಯು ಬಲ್ಲ ನಿಮಗೆ ಇದು ಕಷ್ಟವಾಗಬಾರದು: ಚೆಂಡು ಪ್ಯಾಡಿಗೆ ಬಡಿದದ್ದು ಎಲ್ಲರಿಗೂ ಕಾಣುತ್ತದೆ, ಅದು ಎಲ್ಲಿ ಪಿಚ್ ಆಗಿತ್ತು ಎಂಬುದನ್ನು ಗಮನಿಸಿದವರು ಕೆಲವರೇ. ಮುಂದಿನ ಸಲ ಮಗಳ ಜೊತೆ ಕೂತಾಗ ಟ್ಯಾಕಲ್ ನೋಡುವ ಮುನ್ನ ಚೆಂಡು ಹಿಡಿದವನ ಕಾಲು ನೋಡಿ. ಎರಡೂ ಪಾದ ನೆಲಕ್ಕೂರಿ ಒಮ್ಮೆ ತಲೆಯೆತ್ತಿ ನೋಡಿದನೆಂದರೆ ಅವನಿಗೆ ಅವಕಾಶ ಸಿಕ್ಕಿತ್ತು. ಹೀಗೆ ನೋಡಿದರೆ ಬಹುಪಾಲು ತೀರ್ಪುಗಳು ಅರ್ಥವಾಗುತ್ತವೆ.

ಎಲ್ಲವೂ ಅರ್ಥವಾಗುತ್ತವೆ ಎನ್ನುತ್ತಿಲ್ಲ. ಅವಕಾಶ ಸಿಗದವನಿಗೆ ಚೆಂಡು ಬಿಡಲು ‘ಯುಕ್ತ ಸಮಯ’ ಕೊಡಬೇಕು ಎನ್ನುತ್ತದೆ ನಿಯಮ, ಅದು ಇಷ್ಟೇ ಸೆಕೆಂಡು ಎಂದು ಬರೆದಿಲ್ಲ. 2024ರ ಋತುವಿನ ಮಧ್ಯದಲ್ಲಿ, ಟ್ಯಾಕಲ್ ಆದವರಿಗೆ ತೀರಾ ಹೆಚ್ಚು ಸಮಯ ಸಿಗುತ್ತಿದೆ ಎಂಬ ಕೂಗು ಎದ್ದ ಮೇಲೆ, ಆ ಸಮಯವನ್ನು ಕಡಿಮೆ ಮಾಡಿ ಎಂದು ಈ ಆಟದ ರಾಷ್ಟ್ರೀಯ ಲೀಗ್ ಎಎಫ್‌ಎಲ್ ಅಂಪೈರ್‌ಗಳಿಗೆ ಸೂಚನೆ ಕೊಟ್ಟಿತು. ನಿಯಮದ ಅಕ್ಷರ ಬದಲಾಗಲಿಲ್ಲ, ಅನ್ವಯ ಬದಲಾಯಿತು. ಮಾರ್ಚ್‌ನಲ್ಲಿ ಸರಿಯಾಗಿದ್ದ ಆಟ ಜೂನ್‌ನಲ್ಲಿ ತಪ್ಪಾಯಿತು. ಇಂಥ ಬದಲಾವಣೆಯ ಬಗ್ಗೆ ಅಭಿಮಾನಿಗಳು ಸಿಟ್ಟಾದರೆ ಅವರ ಪಕ್ಷವೇ ನ್ಯಾಯ. ಆದರೆ ಆ ಸಿಟ್ಟು ತಲುಪಬೇಕಾದ್ದು ಎಎಫ್‌ಎಲ್ ಕಚೇರಿಗೆ, ಹೇಳಿದ್ದನ್ನು ಪಾಲಿಸುವ ಅಂಪೈರ್‌ಗಲ್ಲ.

ತಲೆಗೆ ತಾಗುವ ಟ್ಯಾಕಲ್‌ನ ಕತೆಯೂ ಇಂಥದ್ದೇ. ಭುಜಕ್ಕಿಂತ ಮೇಲೆ ತಾಗಿದರೆ ಫ್ರೀ ಕಿಕ್ ಎಂದು ಎಲ್ಲರಿಗೂ ಗೊತ್ತು. ಕೆಲವು ಆಟಗಾರರು ಇದನ್ನೇ ಬಳಸಿಕೊಂಡು, ಟ್ಯಾಕಲ್ ಬರುವಾಗ ಮಂಡಿ ಬಗ್ಗಿಸಿ ಅಥವಾ ತೋಳನ್ನು ಮೇಲಕ್ಕೆ ಕುಲುಕಿ ಎದುರಾಳಿಯ ಕೈ ತಮ್ಮ ಕುತ್ತಿಗೆಗೆ ಜಾರುವಂತೆ ಮಾಡುತ್ತಿದ್ದರು. 2022ರಲ್ಲಿ ಕಾಲಿಂಗ್‌ವುಡ್‌ನ ಜ್ಯಾಕ್ ಗಿನಿವನ್ ಸುತ್ತ ಈ ಚರ್ಚೆ ಬಿಸಿಯೇರಿತು. ಅದೇ ಜುಲೈನಲ್ಲಿ ಎಎಫ್‌ಎಲ್ ಸ್ಪಷ್ಟಪಡಿಸಿತು: ಚೆಂಡು ಹಿಡಿದವನೇ ಬಗ್ಗಿ, ಜಾರಿ, ಕುಲುಕಿ ಆ ಸ್ಪರ್ಶಕ್ಕೆ ಕಾರಣನಾದರೆ ಫ್ರೀ ಕಿಕ್ ಇಲ್ಲ, ಆಟ ಮುಂದುವರಿಯಲಿ. ತಲೆಯನ್ನು ಅಪಾಯಕ್ಕೊಡ್ಡಿ ಲಾಭ ಗಿಟ್ಟಿಸುವುದು ನಿಂತದ್ದು ಒಳ್ಳೆಯದೇ ಆಯಿತು.

ಅಂಪೈರ್ ಏನನ್ನು ಕಾಣಬಲ್ಲರು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮೈದಾನದ ಉದ್ದ 135ರಿಂದ 185 ಮೀಟರ್, ಅಗಲ 110ರಿಂದ 155 ಮೀಟರ್‌ವರೆಗೂ ಇರಬಹುದು. ಒಳಗೆ 36 ಆಟಗಾರರು. 2023ರಿಂದ ಮೈದಾನದ ಒಳಗೆ ನಾಲ್ವರು ಅಂಪೈರ್‌ಗಳಿದ್ದಾರೆ, ಅದಕ್ಕೂ ಮುಂಚೆ ಮೂವರು. ಗೆರೆ ಕಾಯುವ ಬೌಂಡರಿ ಅಂಪೈರ್‌ಗಳು, ಎರಡು ತುದಿಯ ಗೋಲ್ ಅಂಪೈರ್‌ಗಳು ಬೇರೆ. ಟಿವಿಯ ಮುಖ್ಯ ಕ್ಯಾಮೆರಾ ಪಕ್ಕದ ಸ್ಟ್ಯಾಂಡಿನ ಮೇಲಿನಿಂದ ನೋಡುತ್ತದೆ, ಅಂಪೈರ್ ನೆಲದ ಮಟ್ಟದಲ್ಲಿ ಇನ್ನೊಂದು ಕಡೆಯಿಂದ. ನಿಧಾನಗತಿಯ ರೀಪ್ಲೇಯಲ್ಲಿ ಜೆರ್ಸಿ ಎಳೆದದ್ದು ಸ್ಫಟಿಕದಷ್ಟು ಸ್ಪಷ್ಟವಾಗಿದ್ದರೂ ಅವರ ಕಣ್ಣಿಗೆ ಎಳೆಯುವ ಕೈ ಬೆನ್ನಿನ ಮರೆಯಲ್ಲಿರಬಹುದು. ಫ್ರೀ ಕಿಕ್‌ಗೆ ಡಿಆರ್‌ಎಸ್ ಇಲ್ಲ. ವಿಡಿಯೊ ಪರಿಶೀಲನೆ ಇರುವುದು ಸ್ಕೋರ್‌ಗೆ ಮಾತ್ರ: ಚೆಂಡು ಕಂಬಕ್ಕೆ ತಾಗಿತೇ, ಯಾರದಾದರೂ ಕೈ ಸೋಕಿತೇ, ಗೆರೆ ದಾಟಿತೇ. ಅದೂ ಬಂದದ್ದು 2012ರಲ್ಲಿ. 2009ರ ಗ್ರ್ಯಾಂಡ್ ಫೈನಲ್‌ನಲ್ಲಿ, ಅಂದರೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪಂದ್ಯದಲ್ಲಿ, ಜೀಲಾಂಗ್‌ನ ಟಾಮ್ ಹಾಕಿನ್ಸ್ ಒದ್ದ ಚೆಂಡು ಕಂಬಕ್ಕೆ ಬಡಿದರೂ ಗೋಲ್ ಎಂದು ಕೊಟ್ಟದ್ದು ಸೇಂಟ್ ಕಿಲ್ಡಾ ಅಭಿಮಾನಿಗಳ ಎದೆಯಲ್ಲಿ ಇನ್ನೂ ಚುಚ್ಚುತ್ತದೆ. ಅವರು ಸೋತದ್ದು 12 ಅಂಕದಿಂದ.

ಇನ್ನು ‘ಅವರಿಗೆ ಇಪ್ಪತ್ತು ಫ್ರೀ ಕಿಕ್, ನಮಗೆ ಎಂಟು’ ಎಂಬ ವಾದ. ಇದು ನಾನು ಸುಮ್ಮನೆ ಆರಿಸಿಕೊಂಡ ಸಂಖ್ಯೆಯಲ್ಲ. 2016ರ ಗ್ರ್ಯಾಂಡ್ ಫೈನಲ್‌ನಲ್ಲಿ ವೆಸ್ಟರ್ನ್ ಬುಲ್‌ಡಾಗ್ಸ್‌ಗೆ 20, ಸಿಡ್ನಿಗೆ 8 ಫ್ರೀ ಕಿಕ್ ಸಿಕ್ಕವು. ಸಿಡ್ನಿಯವರು ಅದನ್ನು ಇವತ್ತಿಗೂ ಎತ್ತುತ್ತಾರೆ. ಲೆಕ್ಕವೊಂದರಿಂದಲೇ ಅನ್ಯಾಯ ಸಾಬೀತಾಗುವುದಿಲ್ಲ. ಚೆಂಡಿಗೆ ಮೊದಲು ತಲುಪುವ ತಂಡಕ್ಕೆ ಫ್ರೀ ಕಿಕ್ ಹೆಚ್ಚು ಸಿಗುವುದು ಸಹಜ. ತಡವಾಗಿ ಬಂದವನೇ ಬೆನ್ನಿಗೆ ತಳ್ಳುವುದು, ಕುತ್ತಿಗೆಗೆ ಕೈ ಹಾಕುವುದು. ಸಂಖ್ಯೆಯ ಬದಲು ಮೂರು ಸಂಗತಿ ಕೇಳಿ. ಎಷ್ಟು ಫ್ರೀ ಕಿಕ್‌ಗಳು ಗೋಲಿನಿಂದ 50 ಮೀಟರ್ ಒಳಗೆ ಸಿಕ್ಕವು? ಅವುಗಳಿಂದ ನೇರವಾಗಿ ಎಷ್ಟು ಅಂಕ ಬಂತು? ಕೊಡದೆ ಬಿಟ್ಟ ಸ್ಪಷ್ಟ ತಪ್ಪುಗಳು ಎರಡೂ ಕಡೆ ಎಷ್ಟು? ಮೂರನೆಯದನ್ನು ಯಾರೂ ಎಣಿಸುವುದಿಲ್ಲ, ತಮ್ಮ ತಂಡಕ್ಕೆ ದಕ್ಕಿದ ಉಪಕಾರವನ್ನು ಎಣಿಸುವ ಅಭಿಮಾನಿ ಅಪರೂಪ.

ತವರಿನ ಗದ್ದಲ ಅಂಪೈರ್ ಮೇಲೆ ಪ್ರಭಾವ ಬೀರುತ್ತದೆ ಎಂಬ ದೂರನ್ನು ಮಾತ್ರ ತಳ್ಳಿಹಾಕಲಾರೆ. ಅರೆಕ್ಷಣದಲ್ಲಿ ತೀರ್ಮಾನಿಸಬೇಕಾದವರ ಕಿವಿಗೆ ಐವತ್ತು ಸಾವಿರ ಜನರ ಒಕ್ಕೊರಲು ಬಿದ್ದರೆ ಅನುಮಾನದ ಪ್ರಸಂಗಗಳು ಒಂದು ಕಡೆಗೆ ವಾಲುವುದು ಮನುಷ್ಯಸಹಜ. ಪರ್ತ್‌ಗೆ ಹೋಗಿ ಆಡುವ ವಿಕ್ಟೋರಿಯಾ ತಂಡಗಳ ಅಭಿಮಾನಿಗಳು ಈ ಮಾತನ್ನು ಬಹಳ ವರ್ಷಗಳಿಂದ ಹೇಳುತ್ತಿದ್ದಾರೆ. ಆದರೆ ನೀವೇ ಯೋಚಿಸಿ, ಎಂಸಿಜಿಯಲ್ಲಿ ಕಾಲಿಂಗ್‌ವುಡ್ ಪರವಾಗಿ ಕೂಗುವವರು ಎಷ್ಟು ಮಂದಿ?

ಆಟಗಾರರು ಅಂಪೈರ್ ಎದುರು ಹೇಗೆ ನಡೆದುಕೊಳ್ಳಬೇಕು ಎಂಬುದರಲ್ಲಿ 2022ರಿಂದ ಬಿಗಿ ಬಂದಿದೆ. ತೀರ್ಪು ಒಪ್ಪದೆ ಎರಡೂ ಕೈ ಚಾಚಿ ‘ಏನಿದು?’ ಎಂಬಂತೆ ನಿಂತರೂ 50 ಮೀಟರ್ ದಂಡನೆ, ಅಂದರೆ ಎದುರಾಳಿ ಚೆಂಡಿನ ಸಮೇತ 50 ಮೀಟರ್ ಮುಂದೆ ಹೋಗಿ ಆಡುತ್ತಾನೆ. ಗೋಲಿನಿಂದ 80 ಮೀಟರ್ ದೂರವಿದ್ದ ಫ್ರೀ ಕಿಕ್ ಒಮ್ಮೆಲೇ 30 ಮೀಟರ್‌ಗೆ ಬಂದರೆ ಅದು ಹೆಚ್ಚುಕಡಿಮೆ ಖಚಿತ ಗೋಲ್. ಅತಿಯಾಯಿತು ಎಂದು ಆಗ ಬಹಳ ಜನ ಗೊಣಗಿದರು. ನನ್ನ ಮಟ್ಟಿಗೆ ಆ ಬಿಗಿ ಬೇಕಿತ್ತು. ಶನಿವಾರ ಬೆಳಿಗ್ಗೆ ಊರಿನ ಓವಲ್‌ಗಳಲ್ಲಿ ಮಕ್ಕಳ ಪಂದ್ಯಕ್ಕೆ ಅಂಪೈರ್ ಆಗಿ ಓಡುವವರು ಹೆಚ್ಚಾಗಿ ಹೈಸ್ಕೂಲಿನ ಹುಡುಗ ಹುಡುಗಿಯರು. ಟಿವಿಯಲ್ಲಿ ಕಂಡ ಬೈಗುಳವನ್ನೇ ಗೆರೆಯಾಚೆ ನಿಂತ ತಂದೆತಾಯಂದಿರು ಅವರ ಮೇಲೆ ಸುರಿಯುತ್ತಾರೆ, ಅವರು ಮುಂದಿನ ವರ್ಷ ಬರುವುದಿಲ್ಲ. ಅಂಪೈರ್ ಸಿಗದೆ ಒದ್ದಾಡುವ ಸ್ಥಳೀಯ ಲೀಗ್‌ಗಳಿವೆ.

ಅಂಪೈರ್ ಮೈಗೆ ಬೇಕೆಂದೇ ತಾಗುವುದಂತೂ ಬೇರೆಯೇ ಮಟ್ಟದ ಅಪರಾಧ. 2021ರ ಎಲಿಮಿನೇಷನ್ ಫೈನಲ್‌ನ (ಲೀಗ್ ಹಂತದ ಬಳಿಕ ನಡೆಯುವ ಫೈನಲ್ಸ್ ಸುತ್ತಿನ ಪಂದ್ಯ) ಮೂರನೇ ಕ್ವಾರ್ಟರ್ ಮುಗಿದಾಗ ಗ್ರೇಟರ್ ವೆಸ್ಟರ್ನ್ ಸಿಡ್ನಿ (ಜಿಡಬ್ಲ್ಯುಎಸ್) ತಂಡದ ಟೋಬಿ ಗ್ರೀನ್ ಅಂಪೈರ್ ಮ್ಯಾಟ್ ಸ್ಟೆವಿಕ್ ಜೊತೆ ವಾದ ಮಾಡುತ್ತ ಅವರ ಮೈ ಸವರಿಕೊಂಡು ಮುಂದೆ ನಡೆದರು. ಟ್ರಿಬ್ಯುನಲ್ ಮೂರು ಪಂದ್ಯದ ನಿಷೇಧ ಹಾಕಿತು. ಸಾಲದು ಎಂದು ಎಎಫ್‌ಎಲ್ ತಾನೇ ಮೇಲ್ಮನವಿ ಹೋಗಿ ಅದನ್ನು ಆರಕ್ಕೆ ಏರಿಸಿತು. ಅಂಪೈರ್‌ಗೆ ಪೆಟ್ಟೇನೂ ಆಗಿರಲಿಲ್ಲ. ಪೆಟ್ಟಿನ ಪ್ರಮಾಣ ಇಲ್ಲಿ ಅಳತೆಯೇ ಅಲ್ಲ.

ಆಟಗಾರರ ನಡುವಿನ ಹೊಡೆತಗಳಲ್ಲಿ ಮಾತ್ರ ಅಳತೆ ಅದೇ, ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಅಲ್ಲಿದೆ. ಮೊದಲು ಇದನ್ನು ತಿಳಿದಿರಿ: ಎಎಫ್‌ಎಲ್‌ನಲ್ಲಿ ರೆಡ್ ಕಾರ್ಡ್ ಇಲ್ಲ. ಸ್ಥಳೀಯ ಲೀಗ್‌ಗಳಲ್ಲಿ ಆಟಗಾರನನ್ನು ಹೊರಕಳಿಸಬಹುದು, ಎಎಫ್‌ಎಲ್‌ನಲ್ಲಿ ಎಂಥ ಹೊಡೆತ ಕೊಟ್ಟವನೂ ಆ ಪಂದ್ಯ ಆಡಿ ಮುಗಿಸುತ್ತಾನೆ. ಪಂದ್ಯದ ಬಳಿಕ ಮ್ಯಾಚ್ ರಿವ್ಯೂ ಆಫೀಸರ್ ವಿಡಿಯೊ ನೋಡಿ ಮೂರು ಗೆರೆ ಎಳೆಯುತ್ತಾರೆ. ಮಾಡಿದ್ದು ಬೇಕೆಂದೇ, ಅಥವಾ ಅಜಾಗರೂಕತೆಯಿಂದ? ಪೆಟ್ಟಿನ ಬಲ ಕಡಿಮೆ, ಮಧ್ಯಮ, ಹೆಚ್ಚು, ತೀವ್ರ ಇವುಗಳಲ್ಲಿ ಯಾವುದು? ತಾಗಿದ್ದು ತಲೆಗೋ ಮೈಗೋ? ಮೂರನ್ನೂ ಒಂದು ಕೋಷ್ಟಕಕ್ಕೆ ಹಾಕಿದರೆ ಶಿಕ್ಷೆ ಹೊರಬರುತ್ತದೆ. ಅಜಾಗರೂಕತೆಯಿಂದ ತಲೆಗೆ ತಾಗಿದ ಪೆಟ್ಟು ಮಧ್ಯಮ ಬಲದ್ದಾದರೆ ಒಂದು ಪಂದ್ಯ, ಹೆಚ್ಚು ಬಲದ್ದಾದರೆ ಎರಡು, ತೀವ್ರವಾದರೆ ಮೂರು ಅಥವಾ ಹೆಚ್ಚು, ಅದೂ ನೇರವಾಗಿ ಟ್ರಿಬ್ಯುನಲ್ ಮುಂದೆ. ಬೇಕೆಂದೇ ಮಾಡಿದ್ದಾದರೆ ಶಿಕ್ಷೆ ಇನ್ನೂ ಮೇಲೇರುತ್ತದೆ. 2018ರಲ್ಲಿ ಚೆಂಡಿನಿಂದ ದೂರದಲ್ಲಿ ಫ್ರೀಮ್ಯಾಂಟಲ್‌ನ ಆ್ಯಂಡ್ರ್ಯೂ ಬ್ರೇಶಾ ಮುಖಕ್ಕೆ ಗುದ್ದಿ ದವಡೆ ಮುರಿದ ವೆಸ್ಟ್ ಕೋಸ್ಟ್‌ನ ಆ್ಯಂಡ್ರ್ಯೂ ಗ್ಯಾಫ್‌ಗೆ ಎಂಟು ಪಂದ್ಯ ನಿಷೇಧವಾಯಿತು. ಆ ವರ್ಷ ಅವರ ತಂಡ ಚಾಂಪಿಯನ್ ಆದಾಗ ಅವರು ಮೈದಾನದಲ್ಲಿರಲಿಲ್ಲ.

ಪೆಟ್ಟಿನ ಬಲ ಅಳೆಯುವಾಗ ವೈದ್ಯಕೀಯ ವರದಿಗೆ ತುಂಬ ತೂಕವಿದೆ, ಗಾಯ ಎಷ್ಟಾಗಬಹುದಿತ್ತು ಎಂಬುದನ್ನೂ ಪರಿಗಣಿಸುತ್ತಾರೆ. ಒಂದೇ ಥರದ ಎರಡು ಟ್ಯಾಕಲ್‌ಗಳಲ್ಲಿ ಒಬ್ಬ ಎದ್ದು ಓಡಿ, ಇನ್ನೊಬ್ಬ ತಲೆಪೆಟ್ಟಿನಿಂದ ಹೊರನಡೆದರೆ ಶಿಕ್ಷೆ ಬೇರೆಯಾಗುವುದು ಇದರಿಂದ. ಕೃತ್ಯವನ್ನು ಬಿಟ್ಟು ಪರಿಣಾಮಕ್ಕೆ ಶಿಕ್ಷಿಸುತ್ತಾರೆ ಎಂಬ ಅಭಿಮಾನಿಗಳ ಆಕ್ಷೇಪಕ್ಕೆ ಹುರುಳಿದೆ. ಆದರೆ ಅದಕ್ಕೂ ಮುಂಚಿನ ಮೆಟ್ಟಿಲೊಂದಿದೆ, ಅದನ್ನು ಎಲ್ಲರೂ ಹಾರಿಬಿಡುತ್ತಾರೆ. ಆಟಗಾರ ಅಜಾಗರೂಕನಾಗಿದ್ದ ಎಂದು ಮೊದಲು ಸಾಬೀತಾಗಬೇಕು. ಆಗದಿದ್ದರೆ ಎದುರಿನವನ ಪ್ರಜ್ಞೆ ತಪ್ಪಿದ್ದರೂ ಶಿಕ್ಷೆ ಸೊನ್ನೆ.

ನಿಮ್ಮ ಮಗಳಿಗೆ ಬ್ರೇಡನ್ ಮೇನಾರ್ಡ್ ಪ್ರಕರಣ ಖಂಡಿತ ಗೊತ್ತಿರುತ್ತದೆ. 2023ರ ಸೆಪ್ಟೆಂಬರ್, ಕ್ವಾಲಿಫೈಯಿಂಗ್ ಫೈನಲ್. ಮೆಲ್ಬರ್ನ್ ತಂಡದ ಆ್ಯಂಗಸ್ ಬ್ರೇಶಾ ಓಡಿಬಂದು ಚೆಂಡು ಒದೆಯುವಾಗ ಕಾಲಿಂಗ್‌ವುಡ್‌ನ ಮೇನಾರ್ಡ್ ಅದನ್ನು ತಡೆಯಲು ಕೈಯೆತ್ತಿ ಮೇಲಕ್ಕೆ ಜಿಗಿದರು. ಜಿಗಿದವರು ಗಾಳಿಯಲ್ಲೇ ಮೈ ತಿರುಗಿಸಿಕೊಂಡು ಬಂದು ಭುಜದಿಂದ ಬ್ರೇಶಾ ತಲೆಗೆ ಬಡಿದರು. ಬ್ರೇಶಾ ಅಲ್ಲೇ ಪ್ರಜ್ಞೆ ತಪ್ಪಿದರು. ಟ್ರಿಬ್ಯುನಲ್ ಮುಂದೆ ಇದ್ದದ್ದು ಎರಡು ಪ್ರಶ್ನೆ: ಚೆಂಡು ತಡೆಯಲು ಜಿಗಿದದ್ದು ಯುಕ್ತವೇ, ಜಿಗಿದ ಮೇಲೆ ಡಿಕ್ಕಿ ತಪ್ಪಿಸಲು ಅವರಿಗೆ ಸಮಯವಿತ್ತೇ? ಜಿಗಿತ ಫುಟ್‌ಬಾಲ್‌ನ ಸಹಜ ಕ್ರಿಯೆ, ಆಮೇಲಿನ ಡಿಕ್ಕಿ ಅವರ ಹತೋಟಿಯಲ್ಲಿರಲಿಲ್ಲ ಎಂದು ಒಪ್ಪಿ ಖುಲಾಸೆ ಮಾಡಿದರು. ಮೇನಾರ್ಡ್ ಮುಂದೆ ಗ್ರ್ಯಾಂಡ್ ಫೈನಲ್ ಆಡಿ ಗೆದ್ದರು. ಬ್ರೇಶಾ ಮತ್ತೆ ಆಡಲಿಲ್ಲ, 2024ರ ಫೆಬ್ರುವರಿಯಲ್ಲಿ ವೈದ್ಯರ ಸಲಹೆಯಂತೆ ನಿವೃತ್ತರಾದರು.

ಆಗಿನ ನಿಯಮದಡಿ ಆ ತೀರ್ಪು ತಪ್ಪೆಂದು ನಾನು ಹೇಳಲಾರೆ, ತಪ್ಪಿದ್ದದ್ದು ನಿಯಮದಲ್ಲಿ. ಎಎಫ್‌ಎಲ್‌ಗೂ ಅದು ಮನವರಿಕೆಯಾಯಿತು. 2024ರಿಂದ, ಚೆಂಡು ತಡೆಯಲೆಂದು ನೆಲ ಬಿಟ್ಟು ಜಿಗಿದವನು ಎದುರಾಳಿಯ ತಲೆಗೆ ತಾಗಿದರೆ, ತಪ್ಪಿಸಲು ಯುಕ್ತ ಕ್ರಮವನ್ನೆಲ್ಲ ಕೈಗೊಂಡಿದ್ದೆ ಎಂದು ತೋರಿಸಲಾಗದಿದ್ದರೆ, ಅಜಾಗರೂಕನೆಂದೇ ಲೆಕ್ಕ. ಈಗ ಅದೇ ಘಟನೆ ನಡೆದರೆ ಫಲಿತಾಂಶ ಬೇರೆಯಾಗುವ ಸಂಭವ ಹೆಚ್ಚು.

ಇದರ ಪಕ್ಕಕ್ಕೆ 2022ರಲ್ಲಿ ಜೀಲಾಂಗ್‌ನ ಟಾಮ್ ಸ್ಟೂವರ್ಟ್ ರಿಚ್ಮಂಡ್‌ನ ಡಿಯಾನ್ ಪ್ರೆಸ್ಟಿಯಾಗೆ ಕೊಟ್ಟ ಬಂಪ್ ಇಟ್ಟು ನೋಡಿ. ಅಲ್ಲಿ ಚೆಂಡು ತಡೆಯುವ ಯತ್ನವಿರಲಿಲ್ಲ, ಭುಜದಿಂದ ಗುದ್ದುವುದನ್ನು ಆಟಗಾರನೇ ಆರಿಸಿಕೊಂಡಿದ್ದರು. ಬಂಪ್ ಮಾಡುವುದು ನಿಮ್ಮ ಆಯ್ಕೆಯಾದರೆ ತಲೆಗೆ ತಾಗಿದ್ದರ ಹೊಣೆಯೂ ನಿಮ್ಮದು ಎಂಬುದು ಇಲ್ಲಿನ ಗಟ್ಟಿ ತತ್ವ. ಶಿಕ್ಷೆ ನಾಲ್ಕು ಪಂದ್ಯ. ನಿಮಗೆ ವಿಚಿತ್ರವಾಗಿ ಕಂಡ ಖುಲಾಸೆಗೂ ನಾಲ್ಕು ಪಂದ್ಯಕ್ಕೂ ಇರುವ ಅಂತರ ಇದು.

ಟ್ಯಾಕಲ್‌ನಲ್ಲೂ ಹೀಗೆಯೇ ಬಿಡಿಸಿ ನೋಡಬೇಕು. ಎದುರಾಳಿಯ ಕೈಗಳು ಸಿಕ್ಕಿಕೊಂಡು ತಲೆ ಕಾಪಾಡಿಕೊಳ್ಳಲಾರದ ಸ್ಥಿತಿಯಲ್ಲಿದ್ದನೇ? ಹಿಡಿದ ಮೇಲೆ ಎರಡನೇ ಸಲ ಬಲ ಹಾಕಿ ತಿರುಗಿಸಿ ಒಗೆದರೇ? ನೆಲಕ್ಕೆ ಬೇಕಾದ್ದಕ್ಕಿಂತ ರಭಸದಿಂದ ಅಪ್ಪಳಿಸಿದರೇ? ತಲೆಕೆಳಗಾಗಿ ಎತ್ತಿದರೇ? ಇವುಗಳಲ್ಲಿ ಒಂದಿದ್ದರೂ ಅಪಾಯಕಾರಿ ಟ್ಯಾಕಲ್ ಎನ್ನಲು ದಾರಿಯಾಗುತ್ತದೆ. ‘ಟ್ಯಾಕಲ್ ಮಾಡುವುದೇ ಅಪರಾಧವಾಯಿತು’ ಎಂದು ಹಳಬರು ಬೇಸರಪಡುತ್ತಾರೆ. ತಲೆಗೆ ಪೆಟ್ಟಾಗಿ ಕನ್ಕಷನ್ ಆದವನು 12ನೇ ದಿನಕ್ಕೆ ಮುಂಚೆ ಮರಳಿ ಆಡುವಂತಿಲ್ಲ ಎಂಬ ನಿಯಮ 2021ರಿಂದ ಇದೆ, ಪದೇ ಪದೇ ಪೆಟ್ಟು ತಿಂದವರ ಮಿದುಳಿಗೆ ಏನಾಗುತ್ತದೆ ಎಂಬುದು ಈಗ ಗುಟ್ಟಲ್ಲ. ಮೂವತ್ತು ದಾಟುವ ಮೊದಲೇ ಆ್ಯಂಗಸ್ ಬ್ರೇಶಾ ಆಟ ಬಿಡಬೇಕಾಯಿತು. ಈ ಬಿಗಿಯನ್ನು ಸಡಿಲಿಸಿ ಎನ್ನುವವರ ಜೊತೆ ನಾನಿಲ್ಲ.

ಟ್ರಿಬ್ಯುನಲ್‌ನ ಮೇಲೆ ಅಪೀಲ್ಸ್ ಬೋರ್ಡ್ ಇದೆ. ಅಲ್ಲಿ ಇಡೀ ಘಟನೆಯನ್ನು ಹೊಸದಾಗಿ ವಿಚಾರಿಸುವುದಿಲ್ಲ. ಕಾನೂನಿನ ದೋಷವಿತ್ತು, ಯಾವ ವಿವೇಕಿಯೂ ಕೊಡಲಾರದಷ್ಟು ಅಸಂಗತ ತೀರ್ಪಿದು, ವರ್ಗೀಕರಣ ಅಥವಾ ಶಿಕ್ಷೆ ಕಣ್ಣಿಗೆ ಹೊಡೆಯುವಷ್ಟು ಹೆಚ್ಚು ಕಡಿಮೆ, ಇಂಥ ಕಾರಣಗಳು ಬೇಕು. ಕಾರ್ಲ್ಟನ್‌ನ ಪ್ಯಾಟ್ರಿಕ್ ಕ್ರಿಪ್ಸ್ 2022ರಲ್ಲಿ ಬ್ರಿಸ್ಬೇನ್‌ನ ಕ್ಯಾಲಮ್ ಆ ಚೀಗೆ ಡಿಕ್ಕಿ ಹೊಡೆದು ಪಡೆದ ಎರಡು ಪಂದ್ಯಗಳ ನಿಷೇಧವನ್ನು ಅಲ್ಲಿ ಕಾನೂನಿನ ದೋಷದ ಮೇಲೆ ರದ್ದು ಮಾಡಿಸಿಕೊಂಡರು. ನಿಷೇಧ ಉಳಿದಿದ್ದರೆ, ಅಂಪೈರ್‌ಗಳು ಪ್ರತಿ ಪಂದ್ಯಕ್ಕೆ 3, 2, 1 ಎಂದು ಮತ ಹಾಕಿ ಆರಿಸುವ ಬ್ರೌನ್‌ಲೋ ಪದಕಕ್ಕೆ ಅವರು ಅನರ್ಹರಾಗುತ್ತಿದ್ದರು. ಆ ವರ್ಷ 29 ಮತಗಳೊಂದಿಗೆ, ಒಂದೇ ಮತದ ಅಂತರದಲ್ಲಿ ಅವರೇ ಗೆದ್ದರು. ಕೃತ್ಯ ನಿರ್ದೋಷ ಎಂದು ಅಪೀಲ್ಸ್ ಬೋರ್ಡ್ ಹೇಳಿತೆಂದು ಕಾರ್ಲ್ಟನ್‌ನವರು ವಾದಿಸಿದರೆ ಒಪ್ಪಬೇಡಿ. ವಿಚಾರಣೆ ನಡೆದ ರೀತಿ ತಪ್ಪು ಎಂದಿತು, ಅಷ್ಟೇ.

ಬಾಯಿಯಿಂದ ಆಗುವ ಗಾಯಕ್ಕೂ ಶಿಕ್ಷೆಯಿದೆ. 2025ರ ಆಗಸ್ಟ್‌ನಲ್ಲಿ ಅಡಿಲೇಡ್‌ನ ಐಝಾಕ್ ರ‍್ಯಾಂಕಿನ್ ಎದುರಾಳಿಯನ್ನು ಸಲಿಂಗಿಗಳನ್ನು ಹೀಗಳೆಯುವ ಪದದಿಂದ ನಿಂದಿಸಿ ನಾಲ್ಕು ಪಂದ್ಯ ಹೊರಗುಳಿದರು. ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದ ತಂಡ ಅವರಿಲ್ಲದೆ ಎರಡೂ ಫೈನಲ್ಸ್ ಪಂದ್ಯ ಸೋತಿತು. ಪ್ರೇಕ್ಷಕರೂ ಇದರ ಹೊರಗಿಲ್ಲ. ಆದಿವಾಸಿ ಸಮುದಾಯದ ಆ್ಯಡಮ್ ಗುಡ್ಸ್, ಸಿಡ್ನಿಯ ಮಹಾನ್ ಆಟಗಾರ, ಎರಡು ಸಲ ಬ್ರೌನ್‌ಲೋ ಗೆದ್ದವರು. 2015ರಲ್ಲಿ ಮೈದಾನದಿಂದ ಮೈದಾನಕ್ಕೆ ಅವರನ್ನು ಹೀಯಾಳಿಸಿ ಕೂಗಿ ನಿವೃತ್ತಿಯವರೆಗೆ ಅಟ್ಟಿದರು. ಎಎಫ್‌ಎಲ್ ಮತ್ತು ಕ್ಲಬ್‌ಗಳು ಕ್ಷಮೆ ಕೇಳಿದ್ದು 2019ರಲ್ಲಿ. ‘ಅವರು ಫ್ರೀ ಕಿಕ್‌ಗಾಗಿ ನಟಿಸುತ್ತಿದ್ದರು, ಅದಕ್ಕೆ ಕೂಗಿದೆವು’ ಎನ್ನುವವರು ನಿಮಗೆ ಇನ್ನೂ ಸಿಗಬಹುದು. ಆ ವಾದಕ್ಕೆ ಸೊಪ್ಪು ಹಾಕಬೇಡಿ.

ಈಗ ಸೋಮವಾರದ ಮಾತಿಗೆ ಬರುತ್ತೇನೆ. ಸೋತದ್ದು ಅಂಪೈರ್‌ನಿಂದಲೋ ತಂಡದಿಂದಲೋ? ಮೊದಲು ಸ್ಕೋರ್ ಸಾಲನ್ನೇ ಓದಿ. ಗೋಲ್‌ಗೆ 6 ಅಂಕ; ಚೆಂಡು ಗೋಲ್ ಕಂಬಕ್ಕೆ ತಾಗಿದರೆ ಅಥವಾ ಅದರ ಪಕ್ಕದ ಕಂಬದ ನಡುವೆ ಹೋದರೆ ಬಿಹೈಂಡ್, ಅದಕ್ಕೆ 1. 2023ರ ಗ್ರ್ಯಾಂಡ್ ಫೈನಲ್: ಕಾಲಿಂಗ್‌ವುಡ್ 12.18 (12 ಗೋಲ್, 18 ಬಿಹೈಂಡ್), ಒಟ್ಟು 90; ಬ್ರಿಸ್ಬೇನ್ 13.8, ಒಟ್ಟು 86. ಒಂದು ಗೋಲ್ ಹೆಚ್ಚು ಹೊಡೆದೂ ಬ್ರಿಸ್ಬೇನ್ ಸೋತಿತು. ಅವರ ಅಭಿಮಾನಿಗಳು ಕೊನೆಯ ನಿಮಿಷಗಳ ತೀರ್ಪುಗಳನ್ನು ಕೆದಕುತ್ತಾರೆ. ಆದರೆ ಗೋಲ್ ಬಿಹೈಂಡ್ ಎರಡನ್ನೂ ಕೂಡಿದರೆ ಕಾಲಿಂಗ್‌ವುಡ್‌ಗೆ 30 ಸಲ ಸ್ಕೋರ್ ಸಿಕ್ಕಿದೆ, ಬ್ರಿಸ್ಬೇನ್‌ಗೆ 21 ಸಲ. ಒಂಬತ್ತು ಹೆಚ್ಚು ಪ್ರಯತ್ನಗಳನ್ನು ಸೃಷ್ಟಿಸಿದ ತಂಡ ಗುರಿ ತಪ್ಪುತ್ತ ತಪ್ಪುತ್ತ ಹೇಗೋ ದಡ ಸೇರಿತು ಎಂದೇ ನಾನು ಆ ಪಂದ್ಯವನ್ನು ಓದುವುದು.

ಆಮೇಲೆ ಇನ್‌ಸೈಡ್ 50 ನೋಡಿ, ಅಂದರೆ ಚೆಂಡು ಎಷ್ಟು ಸಲ ಎದುರಾಳಿಯ 50 ಮೀಟರ್ ಕಮಾನಿನೊಳಗೆ ಹೋಯಿತು ಎಂಬುದು. ಬರೀ ಸಂಖ್ಯೆ ನೋಡಿದರೆ ಮೋಸ ಹೋಗುತ್ತೀರಿ, ಅದರಲ್ಲಿ ಎಷ್ಟು ಸಲ ಸ್ಕೋರ್ ಬಂತು ಎಂದು ಭಾಗಿಸಿ. 60 ಸಲ ಒಳಹೊಕ್ಕು 18 ಸಲ ಸ್ಕೋರ್ ಮಾಡಿದ ತಂಡ, 45 ಸಲ ಹೊಕ್ಕು 22 ಸಲ ಮಾಡಿದ ತಂಡಕ್ಕೆ ಸೋತರೆ ತಪ್ಪು ಅಂಪೈರ್‌ದಲ್ಲ. ಮಿಡ್‌ಫೀಲ್ಡರ್‌ಗಳು ನೋಡದೆ ಎತ್ತಿ ಒದ್ದಿದ್ದಾರೆ, ಎದುರಾಳಿ ಡಿಫೆಂಡರ್‌ಗಳು ಅದನ್ನು ಗಾಳಿಯಲ್ಲೇ ನಿರಾಯಾಸವಾಗಿ ಹಿಡಿದು ಮಾರ್ಕ್ ಪಡೆದಿದ್ದಾರೆ. ಮೂರನೆಯದು, ಸ್ಕೋರ್ ಎಲ್ಲಿಂದ ಹುಟ್ಟಿತು ಎಂಬುದು. ಈಗಿನ ಆಟದಲ್ಲಿ ಹೆಚ್ಚಿನ ಅಂಕ ಬರುವುದು ಟರ್ನ್‌ಓವರ್‌ನಿಂದ, ಅಂದರೆ ಎದುರಾಳಿ ಆಡುತ್ತಿದ್ದ ಚೆಂಡನ್ನು ಕಸಿದುಕೊಂಡು. ಟರ್ನ್‌ಓವರ್ ಸ್ಕೋರ್‌ನಲ್ಲಿ 30 ಅಂಕ ಹಿಂದೆ ಬಿದ್ದ ತಂಡ ಎರಡು ತಪ್ಪು ಫ್ರೀ ಕಿಕ್‌ಗಳ ಮಾತೆತ್ತುವುದು ಹಾಸ್ಯಾಸ್ಪದ. ಇದನ್ನು ಮೈದಾನದಲ್ಲೇ ಕಾಣಬೇಕೆಂದರೆ ಗೋಲ್ ಕಂಬಗಳ ಹಿಂದೆ, ಮೇಲಿನ ಹಂತದಲ್ಲಿ ಸೀಟು ಹಿಡಿಯಿರಿ. ಟಿವಿ ಚೆಂಡಿನ ಸುತ್ತ ಮಾತ್ರ ತೋರಿಸುತ್ತದೆ. ಚೆಂಡು ಕಳೆದುಕೊಂಡ ಗಳಿಗೆಯಲ್ಲಿ ಹಿಂದೆ ಯಾರೂ ಕಾವಲಿರಲಿಲ್ಲ ಎಂಬುದು ಅಲ್ಲಿಂದಲೇ ಕಾಣುವುದು.

ಒಂದೆರಡು ಅಂಕದ ಗೆಲುವುಗಳ ಸಾಲನ್ನು ನೋಡಿಯೂ ಬೇಗ ತೀರ್ಮಾನಕ್ಕೆ ಬರಬೇಡಿ. ಅಂಕಪಟ್ಟಿಯಲ್ಲಿ ಪರ್ಸೆಂಟೇಜ್ ಎಂಬ ಕಾಲಂ ಇದೆ: ತಂಡ ಗಳಿಸಿದ ಒಟ್ಟು ಅಂಕವನ್ನು ಬಿಟ್ಟುಕೊಟ್ಟ ಅಂಕದಿಂದ ಭಾಗಿಸಿ ನೂರರಿಂದ ಗುಣಿಸಿದ್ದು. 2022ರಲ್ಲಿ ಕಾಲಿಂಗ್‌ವುಡ್ 16 ಪಂದ್ಯ ಗೆದ್ದು ನಾಲ್ಕನೆಯ ಸ್ಥಾನಕ್ಕೆ ಬಂದರೂ ಪರ್ಸೆಂಟೇಜ್ 104ರ ಆಸುಪಾಸಿನಲ್ಲಿತ್ತು. ಗೆದ್ದದ್ದೆಲ್ಲ ಕೂದಲೆಳೆಯಲ್ಲಿ. ಪ್ರಿಲಿಮಿನರಿ ಫೈನಲ್‌ನಲ್ಲಿ ಸಿಡ್ನಿಗೆ ಒಂದು ಅಂಕದಿಂದ ಸೋತಾಗ ಅಂಪೈರ್‌ಗಳನ್ನು ಬೈದವರು, ಅದೇ ತಂಡ ಆ ವರ್ಷವಿಡೀ ಅಂಥ ಅಂತರದಲ್ಲೇ ಗೆದ್ದದ್ದನ್ನು ಮರೆತಿದ್ದರು.

ಹಾಗಾದರೆ ಅಂಪೈರ್‌ನಿಂದ ಸೋತೆವು ಎನ್ನುವ ದೂರು ಯಾವಾಗ ನ್ಯಾಯ? ಸ್ಕೋರ್ ಪ್ರಯತ್ನ, ಇನ್‌ಸೈಡ್ 50, ಟರ್ನ್‌ಓವರ್ ಇವೆಲ್ಲ ಹೆಚ್ಚುಕಡಿಮೆ ಸಮನಾಗಿದ್ದು, ಅಂತರ ಒಂದು ಗೋಲಿಗಿಂತ ಕಡಿಮೆಯಿದ್ದು, ತಪ್ಪು ಆಟದ ಕೊನೆಯಲ್ಲಿ ಆಗಿದ್ದು, ಅದು ನೇರವಾಗಿ ಸ್ಕೋರನ್ನು ಬದಲಿಸಿದ್ದರೆ. 2023ರ ಆಗಸ್ಟ್‌ನಲ್ಲಿ ಅಡಿಲೇಡ್‌ಗೆ ಆದದ್ದು ಅಂಥ ಅನ್ಯಾಯ. ಸಿಡ್ನಿ ವಿರುದ್ಧ ತವರಿನಲ್ಲಿ, ಕೊನೆಯ ನಿಮಿಷಗಳಲ್ಲಿ ಬೆನ್ ಕೀಸ್ ಒದ್ದ ಚೆಂಡು ಕಂಬಗಳ ನಡುವೆ ಹೋಯಿತು. ಕಂಬಕ್ಕೆ ತಾಗಿತು ಎಂದು ಗೋಲ್ ಅಂಪೈರ್ ಬಿಹೈಂಡ್ ಕೊಟ್ಟರು, ವಿಡಿಯೊ ಪರಿಶೀಲನೆಗೆ ಯಾರೂ ಕೇಳಲಿಲ್ಲ. ರೀಪ್ಲೇಯಲ್ಲಿ ಚೆಂಡು ಕಂಬ ಮುಟ್ಟಿರಲಿಲ್ಲ. ಅಡಿಲೇಡ್ ಒಂದು ಅಂಕದಿಂದ ಸೋತಿತು, ಫೈನಲ್ಸ್ ಆಸೆಯೂ ಅಲ್ಲಿಗೆ ಮುಗಿಯಿತು. ಎಎಫ್‌ಎಲ್ ತಪ್ಪೊಪ್ಪಿಕೊಂಡಿತು, ಫಲಿತಾಂಶ ಮಾತ್ರ ಬದಲಾಗಲಿಲ್ಲ, ಏಕೆಂದರೆ ಮೈದಾನದ ಅಂಪೈರ್‌ಗಳ ತೀರ್ಮಾನ ತಪ್ಪಾದರೂ ಅದೇ ಅಂತಿಮ. ಫಲಿತಾಂಶ ಬದಲಾದದ್ದು 2006ರಲ್ಲಿ, ಲಾನ್ಸೆಸ್ಟನ್‌ನ ಪಂದ್ಯದಲ್ಲಿ. ಆಟ ಮುಗಿದ ಸೈರನ್ ಅಂಪೈರ್‌ಗಳಿಗೆ ಕೇಳಿಸದೆ ಆಟ ಮುಂದುವರಿದು ಸೇಂಟ್ ಕಿಲ್ಡಾ ಒಂದು ಬಿಹೈಂಡ್ ಪಡೆದು ಸಮಬಲ ಮಾಡಿಕೊಂಡಿತ್ತು. ಅದು ಅಂಪೈರ್ ತೀರ್ಪಿನ ಪ್ರಶ್ನೆಯಾಗಿರಲಿಲ್ಲ, ಸಮಯ ಪಾಲಕರ ಲೋಪವಾಗಿತ್ತು. ಆದ್ದರಿಂದ ಎಎಫ್‌ಎಲ್ ಕಮಿಷನ್ ಫ್ರೀಮ್ಯಾಂಟಲ್‌ಗೆ ಒಂದು ಅಂಕದ ಗೆಲುವು ಕೊಟ್ಟಿತು.